ತಕ್ಕಡಿ ಮಾವನ ಮುಗಿಯದ ಪಾಲು

ಬರ್ಕೋ ಪುಟ್ಟಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೋ, ನಡುವೆ ನಿನ್ನ ಬುದ್ಧಿವಂತಿಕೆ ಸೇರಿಸ್ಬೇಡ. ಇವತ್ತು ತಕ್ಕಡಿ ಮಾವನ ವಿಷಯ ಹೇಳ್ತೀನಿ. ಅವರನ್ನ ನೀನು ನೋಡಿಲ್ಲ. ನಿಮ್ಮಪ್ಪ ನೋಡಿದ್ದಾನೆ, ಅವರ ಹೆಗಲ ಮೇಲೆ ಕೂತು ಎರಡೂ ಕಿವಿ ಹಿಡ್ಕೊಂಡು ಮನೆಯೆಲ್ಲ ಸುತ್ತಿದ್ದಾನೆ.

ತಕ್ಕಡಿ ಮಾವ ಅಂದ್ರೆ ನಮ್ಮತ್ತೆಯ ತಮ್ಮ, ನಿಮ್ಮ ತಾತನಿಗೆ ಸೋದರಮಾವ. ನಾನು ಸೊಸೆಯಾಗಿ ಬಂದ ಸ್ವಲ್ಪ ದಿನಕ್ಕೇ ಅತ್ತೆ ಹೋದ್ರು. ಆಮೇಲೆ ಮನೇಲಿ ದೊಡ್ಡವರು ಅಂತ ಇದ್ದದ್ದು ಇವರೊಬ್ಬರೇ. ದೊಡ್ಡವರು ಅಂದೆ, ಆದ್ರೆ ಅವರ ಮಾತು ಕೇಳ್ತಿದ್ದದ್ದು ಬೆಕ್ಕು ಮಾತ್ರ. ಅದೂ ಹಾಲು ಕೈಲಿದ್ದಾಗ.

ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳು. ವಯಸ್ಸಲ್ಲಿ ಒಂದ್ಸಲ ಹುಡುಗಿ ನೋಡೋಕೆ ಕರ್ಕೊಂಡು ಹೋಗಿದ್ರಂತೆ. ಆ ಮನೆಯ ಗೋಡೆ ಗಡಿಯಾರ ನಿಂತುಹೋಗಿತ್ತು. ಇವರಿಗೆ ಕೈ ಸುಮ್ನಿರುತ್ತಾ? ಕೆಳಗಿಳಿಸಿ ಬಿಚ್ಕೊಂಡು ಕೂತರು. ಹುಡುಗಿ ಬಂದ್ಲು, ಕೂತ್ಲು, ಎದ್ದು ಒಳಗೂ ಹೋದ್ಲು. ಇವರು ತಲೆ ಎತ್ತಲಿಲ್ಲ. ದಾರೀಲಿ ನಮ್ಮತ್ತೆ, "ಹೇಗಿದ್ಲೋ?" ಅಂದ್ರೆ, "ಪೆಂಡುಲಮ್ ಸ್ವಲ್ಪ ಬಗ್ಗಿತ್ತು ಅಕ್ಕ, ಈಗ ಸರಿಹೋಗಿದೆ" ಅಂದ್ರಂತೆ. ಆಮೇಲೆ ಯಾರೂ ಹುಡುಗಿ ತೋರಿಸೋ ಧೈರ್ಯ ಮಾಡಲಿಲ್ಲ.

ಕೆಲಸ ತಕ್ಕಡಿ ರಿಪೇರಿ. ದಿನಸಿ ಅಂಗಡಿಯವರು, ತರಕಾರಿಯವರು, ಹಳೇ ಪೇಪರ್ ಕೊಳ್ಳೋರು, ಎಲ್ಲರ ತಕ್ಕಡಿಯೂ ಅವರ ಪುಟ್ಟ ರಿಪೇರಿ ಅಂಗಡಿಗೇ ಬರಬೇಕು. ಮುಳ್ಳು ನೆಟ್ಟಗೆ ನಡುವೆ ನಿಲ್ಲೋವರೆಗೆ ಬಿಡ್ತಿರಲಿಲ್ಲ. ಅಂಗಡಿಯವನು ಬಾಗಿಲಲ್ಲಿ ನಿಂತು, "ಸಾಕು ಕೊಡಿ ಸ್ವಾಮಿ, ಗಿರಾಕಿ ಕಾಯ್ತಿದ್ದಾರೆ" ಅಂತ ಗೋಗರೀತಿದ್ರೆ, ಇವರು ತಟ್ಟೆಗೆ ಉಫ್ ಅಂತ ಊದಿ, "ಧೂಳಿದೆ, ತಾಳು" ಅನ್ನೋರು. ಮನೆಗೆ ಬಂದ ಮೇಲಾದ್ರೂ ಸುಮ್ನಿರ್ತಿದ್ರಾ? ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಏನೋ ಒಂದು ಕುಟ್ಟೋರು. ಆ ಕೋಣೆಯಲ್ಲಿ ನೆಟ್ಟಗೆ ನಿಲ್ಲೋಕೆ ಆಗ್ತಿರಲಿಲ್ಲ. ಮೇಲೆ ಯಾರಾದ್ರೂ ಹತ್ತಿದ್ರೆ ಇವರ ತಲೆ ಮೇಲೆ ಮಣ್ಣುದುರೋದು. ಆದ್ರೂ ಅದು ಅವರ ಅರಮನೆ.

ಅವರು ಮಾಡಿದ ಸಾಮಾನುಗಳೋ! ಈರುಳ್ಳಿ ಹೆಚ್ಚುವಾಗ ಕಣ್ಣೀರು ಬರುತ್ತಲ್ಲ, ಅದಕ್ಕೊಂದು ಕನ್ನಡಕ ಮಾಡಿದ್ರು. ಗಾಜಿನ ಮೇಲೆ ಬಸ್ಸಿಗಿರೋ ಹಾಗೆ ಪುಟ್ಟ ವೈಪರ್, ಗಲ್ಲ ಆಡಿಸಿದ್ರೆ ಅದು ಆಡೋದು. ಕಣ್ಣೀರು ಗಾಜಿನ ಒಳಗಡೆ ಬರುತ್ತೆ, ವೈಪರ್ ಹೊರಗಡೆ ಇದೆ ಅನ್ನೋದು ಹಾಕ್ಕೊಂಡ ಮೇಲೇ ಗೊತ್ತಾಗಿದ್ದು. ಆಮೇಲೆ ಹೊದಿಕೆ ಎಳೆಯೋ ಗಡಿಯಾರ. ಬೆಳಿಗ್ಗೆ ಗಂಟೆ ಹೊಡೆಯೋ ಬದಲು ಹಗ್ಗ ಎಳೆದು ಹೊದಿಕೆ ಕಿತ್ತು ಹಾಕೋದು. ನಿಮ್ಮ ತಾತನಿಗೆ ಕಟ್ಟಿದ್ರು. ಗಡಿಯಾರ ಸರಿಯಾಗೇ ಎಳೀತು, ಹಗ್ಗ ಮಾತ್ರ ಪಂಚೆಗೆ ಸಿಕ್ಕಿತ್ತು. ಸಾಕು, ಅದನ್ನ ಬರೀಬೇಡ.

ಈಗ ಲೆಕ್ಕದ ವಿಷಯಕ್ಕೆ ಬರ್ತೀನಿ. ನಾವು ಮೂರು ಜನ ಓರಗಿತ್ತಿಯರು. ದೊಡ್ಡಕ್ಕ, ನಡುವೆ ನಾನು, ಆಮೇಲೆ ಚಿಕ್ಕವಳು. ಒಂದಿನ ಸಂಜೆ ದೊಡ್ಡಕ್ಕನ ಮಗಳು ಶಾಲೆ ಲೆಕ್ಕ ಮಾಡ್ತಾ ಮಾಡ್ತಾ ಅಳೋಕೆ ಶುರುಮಾಡಿದ್ಲು. ಒಂದನ್ನ ಮೂರರಿಂದ ಭಾಗಿಸ್ಬೇಕಂತೆ. ಸೊನ್ನೆ ಹಾಕಿ ಚುಕ್ಕೆ ಇಟ್ಟು ಮೂರು ಬರೆದ್ಲು. ಇನ್ನೂ ಒಂದು ಉಳೀತು. ಮತ್ತೆ ಮೂರು, ಮತ್ತೆ ಒಂದು. "ಮುಗೀತಾನೇ ಇಲ್ಲ ಅಜ್ಜ" ಅಂತ ಮುಖ ಊದಿಸ್ಕೊಂಡು ಮಾವನ ಹತ್ತಿರ ಹೋದ್ಲು.

"ಮುಗೀದೆ ಎಲ್ಲಿಗೆ ಹೋಗುತ್ತೆ?" ಅಂದ್ರು ಮಾವ. "ಹುಡುಗರಿಗೆ ತಾಳ್ಮೆ ಇಲ್ಲ. ತಾ ಇಲ್ಲಿ ಸೀಮೆಸುಣ್ಣ."

ನಡುಮನೆ ಗೋಡೆ ಮೇಲೆ ಶುರುಮಾಡಿದ್ರು. ಮೂರು, ಮೂರು, ಮೂರು. ಗೋಡೆ ಮುಗೀತು, ಮೂಲೆ ತಿರುಗಿದ್ರು, ಅಡುಗೆಮನೆ ಬಾಗಿಲು ದಾಟಿದ್ರು, ಬಚ್ಚಲುಮನೆ ಬಾಗಿಲಿಗೂ ಬಂದ್ರು. ಒಳಗೆ ನಮ್ಮ ಭಾವ, ದೊಡ್ಡಕ್ಕನ ಗಂಡ, ಸ್ನಾನ ಮಾಡ್ತಿದ್ರು. ಬಾಗಿಲು ತೆಗೆದ್ರೆ ಎದುರಿಗೆ ಇವರು ಸೀಮೆಸುಣ್ಣ ಹಿಡ್ಕೊಂಡು, "ಅಲ್ಲಾಡ್ಬೇಡ, ಬಾಗಿಲು ಹಾಗೇ ಇರಲಿ, ಒಂದು ಉಳಿದಿದೆ" ಅಂತಿದ್ದಾರೆ!

ದೊಡ್ಡಕ್ಕ ಒದ್ದೆ ಬಟ್ಟೆ ತಂದು ಅಷ್ಟೂ ಒರೆಸಿ ಹಾಕಿದ್ಲು. ಮಾರನೇ ದಿನ ಮಗು ಶಾಲೆಯಿಂದ ಬಂದು, "ಮೂರರ ತಲೆ ಮೇಲೆ ಒಂದು ಚುಕ್ಕೆ ಇಟ್ರೆ ಸಾಕಂತೆ ಅಜ್ಜ, ಹೀಗೇ ಹೋಗ್ತಾ ಇರುತ್ತೆ ಅಂತ ಅರ್ಥ ಅಂತೆ" ಅಂದ್ಲು. ಮಾವ ಊಟ ಮಾಡ್ತಿದ್ದವರು ಕೈ ನಿಲ್ಲಿಸಿ, "ಚುಕ್ಕೆ ಇಟ್ಟು ಕೈ ತೊಳ್ಕೊಂಡ್ರಾ ನಿಮ್ಮ ಮೇಷ್ಟ್ರು?" ಅಂತ ಕೇಳಿದ್ರು. ಅವತ್ತಿಂದ ಅವರಿಗೆ ಆ ಲೆಕ್ಕದ ಗುಂಗು ಹಿಡೀತು.

ಇಷ್ಟಾಗಿದ್ರೆ ನಕ್ಕು ಸುಮ್ನಾಗ್ತಿದ್ವಿ. ಆದ್ರೆ ಆ ಕುರ್ಚಿ ಬಂತು ನೋಡು.

ಬಂದ ನೆಂಟರಿಗೆ ಅಂತ ಒಂದು ಕುರ್ಚಿ ಮಾಡಿದ್ರು. ಕೆಳಗೆ ಸ್ಪ್ರಿಂಗು, ಬೆನ್ನ ಹಿಂದೆ ಊಟದ ತಟ್ಟೆಯಷ್ಟು ದೊಡ್ಡ, ಅಂಕಿ ಬರೆದ ಮುಖ, ಕೆಂಪು ಮುಳ್ಳು. ಯಾರು ಕೂತ್ರೂ ಅವರ ತೂಕ ಹಿಂದೆ ಕಾಣಿಸೋದು. "ಕೂತವರಿಗೆ ಮುಜುಗರ ಆಗಬಾರದಲ್ಲ, ಅದಕ್ಕೇ ಹಿಂದೆ ಇಟ್ಟಿದ್ದೀನಿ" ಅಂದ್ರು, ಬಹಳ ಸೂಕ್ಷ್ಮ ಮನುಷ್ಯರ ಹಾಗೆ. ಆ ವಾರವೇ ದೊಡ್ಡಕ್ಕನ ಅಣ್ಣ ಬಂದ್ರು. ಕಟ್ಟಡ ಕಂಟ್ರಾಕ್ಟರು, ಆಳು ಅಂದ್ರೆ ಭಾರೀ ಆಳು. ಊಟಕ್ಕೆ ಮೊದಲು ಆ ಕುರ್ಚೀಲಿ ಕೂತರು. ಊಟ ಮುಗಿಸಿ ಮತ್ತೆ ಅದರಲ್ಲೇ ಕೂತು ಕಾಲು ಚಾಚಿದ್ರು. ಹಿಂದೆ ನಿಂತಿದ್ದ ಮಕ್ಕಳು ಒಂದೇ ಉಸಿರಲ್ಲಿ, "ಎರಡೂಕಾಲು ಕೆಜಿ ಜಾಸ್ತಿ!" ಅಂತ ಕಿರುಚಿದ್ವು.

"ಏನು ಜಾಸ್ತಿ?" ಅಂದ್ರು ಅವರು, ನಗ್ತಾ.

"ನೀವು ತಿಂದಿದ್ದು ಮಾಮ!"

ಚಿಕ್ಕವಳಿಗೆ ನಗು ತಡ್ಕೊಳ್ಳೋಕಾಗಲಿಲ್ಲ. ಸೆರಗು ಬಾಯಿಗೆ ತುರುಕ್ಕೊಂಡು ಒಳಗೆ ಓಡಿದ್ಲು, ಒಳಗಿಂದ ಅವಳ ನಗು ಇನ್ನೂ ಜೋರಾಗಿ ಕೇಳಿಸ್ತು. ಅಣ್ಣ ಚಪ್ಪಲಿ ಹಾಕ್ಕೊಂಡು ಹೊರಟೇಹೋದ್ರು. ದೊಡ್ಡಕ್ಕ ಮುಖ ಕೆಂಪಗೆ ಮಾಡ್ಕೊಂಡು ಬಂದು ನಿಂತ್ಲು. "ನನ್ನ ತವರಿನವರು ತಿಂದ ಅನ್ನಾನ ತೂಗ್ತೀರಾ ಈ ಮನೇಲಿ? ಅದಕ್ಕೆ ಇವಳು ಹಲ್ಲು ಕಿರೀತಾಳಾ? ಇನ್ನು ಒಂದೇ ಒಲೇಲಿ ನನ್ನ ಕೈಲಾಗಲ್ಲ." ಚಿಕ್ಕವಳೂ ಬಾಯಿಗೆ ಬೀಗ ಹಾಕೋಳಲ್ಲ. "ನನಗೂ ಸಾಕಾಗಿದೆ, ಉಪ್ಪು ಹಾಕೋಕೂ ನಿಮ್ಮನ್ನ ಕೇಳ್ಬೇಕು" ಅಂದ್ಲು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ನನ್ನ ಮೂಲಕವೇ ಎಲ್ಲಾ. "ಅವಳಿಗೆ ಹೇಳು ಸೌಟು ಕೊಡೋಕೆ." "ಅವರಿಗೆ ಹೇಳಿ ಸೌಟು ಅವರ ಕೈಲೇ ಇದೆ." ನಾನು ಟೆಲಿಫೋನಿನ ಹಾಗೆ ನಡುವೆ ನಿಂತಿರ್ತಿದ್ದೆ.

ಕೊನೆಗೆ ಭಾವ ಎಲ್ಲರನ್ನೂ ಕೂರಿಸಿ ಹೇಳಿದ್ರು: "ಮನೆ ಒಂದೇ ಇರಲಿ, ಒಲೆ ಮೂರಾಗ್ಲಿ. ಇರೋದನ್ನೆಲ್ಲ ಮೂರು ಸಮಪಾಲು ಮಾಡೋಣ. ಮಾವ ತೂಗಿ ಹಂಚ್ಲಿ, ಅವರ ತಕ್ಕಡಿ ಮೇಲೆ ಯಾರಿಗೂ ಅನುಮಾನ ಇಲ್ಲ. ಕೊನೇ ವಸ್ತು ಹಂಚಿ ಆಗೋವರೆಗೆ ಹೊಸ ಒಲೆ ಹಚ್ಚೋ ಹಾಗಿಲ್ಲ. ಅರ್ಧಂಬರ್ಧ ಮಾಡಿ ಆಮೇಲೆ ಜಗಳ ಬೇಡ."

ಕೋಣೆಗಳು ಮೊದಲು. ಮುಂದಿನದು ದೊಡ್ಡಕ್ಕನಿಗೆ, ಮಹಡಿ ಚಿಕ್ಕವಳಿಗೆ, ಹಿಂದಿನದು ನಮಗೆ. ಸೌದೆ ಇಡೋಕೆ ನಮಗೆ ಜಾಗ ಇಲ್ಲ ಅಂತ ಮೆಟ್ಟಿಲ ಕೆಳಗಿನ ಕೋಣೇನೂ ನಮ್ಮ ಪಾಲಿಗೇ ಹಾಕಿದ್ರು. ಮಾವ ತಾವೇ ಟೇಪು ಹಿಡಿದು ಅಳೆದು, "ಸೌದೆ ಚೆನ್ನಾಗಿ ಹಿಡಿಯುತ್ತೆ ಕಣಮ್ಮ" ಅಂತ ನನಗೆ ಹೇಳಿದ್ರು. ಸೌದೆ ಅಲ್ಲಿಟ್ರೆ ಈ ಮನುಷ್ಯ ಎಲ್ಲಿ ಮಲಗ್ತಾರೆ, ಯಾವ ಒಲೆ ಮುಂದೆ ಕೂತು ಉಣ್ತಾರೆ ಅಂತ ಅಲ್ಲಿದ್ದ ಒಬ್ಬರ ತಲೆಗೂ ಹೊಳೀಲಿಲ್ಲ ಪುಟ್ಟಿ. ಅವರ ತಲೆಗೆ ಹೊಳೆದಿತ್ತು. ಬಾಯಿಬಿಡಲಿಲ್ಲ, ಅಷ್ಟೇ.

ಆಮೇಲೆ ಪಾತ್ರೆ. ತಕ್ಕಡಿಯವರ ಕೈಗೆ ಪಾತ್ರೆ ಕೊಟ್ರೆ ಏನಾಗುತ್ತೆ? ತೂಕದ ಮೇಲೆ ಹಂಚಿದ್ರು! ದೊಡ್ಡಕ್ಕನಿಗೆ ನೀರು ಕಾಯಿಸೋ ಆ ದೊಡ್ಡ ಹಂಡೆ, ಅನ್ನ ಸಾರಿನ ಪಾತ್ರೆಗಳು ಬಂದ್ವು. ನನಗೆ ಮುಚ್ಚಳಗಳ ರಾಶಿ, ಒಂದು ಒರಳು. ಚಿಕ್ಕವಳಿಗೆ ಮನೇಲಿದ್ದ ಅಷ್ಟೂ ಚಮಚ, ಸೌಟು, ಎರಡು ಲೋಟ.

"ಚಮಚದಲ್ಲಿ ಅನ್ನ ಮಾಡ್ಲಾ ಮಾವ?" ಅಂದ್ಲು ಚಿಕ್ಕವಳು.

"ತೂಕ ನೋಡ್ಕೋ ತಾಯಿ, ಕೂದಲೆಳೆ ಆಚೀಚೆ ಇಲ್ಲ" ಅಂದ್ರು ಮಾವ.

ಮುಚ್ಚಳ ನನ್ನ ಹತ್ತಿರ, ಪಾತ್ರೆ ದೊಡ್ಡಕ್ಕನ ಹತ್ತಿರ. ನಾವೇ ಆಮೇಲೆ ಕಣ್ಸನ್ನೇಲಿ ಅದಲುಬದಲು ಮಾಡ್ಕೊಂಡ್ವಿ.

ಕೊನೆಗೆ ಉಳಿದದ್ದು ಸಕ್ಕರೆ. ದೊಡ್ಡ ತಗಡಿನ ಡಬ್ಬದ ತುಂಬ ಇತ್ತು. ಮೂರು ಜಾಡಿಗೆ ಸುರಿದ್ರೆ ಮುಗೀತು ಅಂದ್ಕೊಂಡ್ವಿ. ಮಾವ, "ಸಕ್ಕರೆ ಅಂದ್ರೆ ಸಣ್ಣ ವಸ್ತು, ಕಣ್ಣಳತೇಲಿ ಆಗಲ್ಲ, ಅದಕ್ಕೆ ಯಂತ್ರ ಬೇಕು" ಅಂದ್ರು. ಸರಿ, ಒಂದು ವಾರ ಕುಟ್ಟಿ ತಟ್ಟಿ ಯಂತ್ರ ತಂದ್ರು. ಮೇಲೆ ಎಣ್ಣೆ ಸುರಿಯೋಕೆ ಇರುತ್ತಲ್ಲ, ಅಂಥ ಒಂದು ದೊಡ್ಡ ಆಲಿಕೆ, ಅದರ ಬಾಯಿಗೆ ಹಲ್ಲಿನ ಚಕ್ರ, ಪಕ್ಕದಲ್ಲಿ ತಿರುಗಿಸೋ ಹಿಡಿ. ಚಕ್ರಕ್ಕೆ ನೂರು ಹಲ್ಲು. ಪೂರ್ತಿ ಒಂದು ಸುತ್ತು ತಿರುಗಿಸಿದ್ರೆ ಆಲಿಕೇಲಿರೋ ಸಕ್ಕರೆ ಪೂರ್ತಿ ಖಾಲಿ. ಒಂದು ಹಲ್ಲು ಸರಿದ್ರೆ ನೂರರಲ್ಲಿ ಒಂದು ಭಾಗ ಬೀಳುತ್ತೆ. ಟಕ್ ಟಕ್ ಅಂತ ಮೊದಲ ಜಾಡಿಗೆ ಮೂವತ್ಮೂರು ಹಲ್ಲು. ಎರಡನೇದಕ್ಕೆ ಮೂವತ್ಮೂರು. ಮೂರನೇದಕ್ಕೂ ಮೂವತ್ಮೂರು. ನಿಲ್ಲಿಸಿದ್ರು.

"ಒಂದು ಹಲ್ಲು ಉಳೀತು" ಅಂದ್ರು ಮಾವ. ಮುಖ ಗಂಭೀರ.

"ಒಂದು ಮುಷ್ಟಿ ಸಕ್ಕರೆ, ಯಾರಿಗಾದ್ರೂ ಹಾಕಿ ಮಾವ" ಅಂದ್ರು ಭಾವ.

"ಯಾರಿಗೆ? ಹೇಳು. ಹಾಕಿ ಬಿಡ್ತೀನಿ."

ಭಾವ ಒಮ್ಮೆ ದೊಡ್ಡಕ್ಕನ ಮುಖ ನೋಡಿದ್ರು, ಒಮ್ಮೆ ಚಿಕ್ಕವಳ ಮುಖ ನೋಡಿದ್ರು, ಆಮೇಲೆ ಸೂರು ನೋಡಿದ್ರು. "ಅದನ್ನೂ ಹಂಚಿಬಿಡಿ" ಅಂದ್ರು.

ಅಷ್ಟು ಸ್ವಲ್ಪ ಸಕ್ಕರೆಗೆ ಚಿಕ್ಕ ಆಲಿಕೆ ಬೇಕು. ಅದನ್ನ ಮಾಡೋಕೆ ಇನ್ನೊಂದು ವಾರ. ತಂದ್ರು, ಅದೇ ನೂರು ಹಲ್ಲಿನ ಚಕ್ರಕ್ಕೆ ಕೂರಿಸಿ ತಿರುಗಿಸಿದ್ರು, ಮತ್ತೆ ಒಂದು ಹಲ್ಲು ಉಳೀತು! ಅದಕ್ಕೆ ಇನ್ನೂ ಚಿಕ್ಕದು, ದರ್ಜಿಯವರು ಬೆರಳಿಗೆ ಹಾಕ್ತಾರಲ್ಲ, ಆ ಟೋಪಿಯಷ್ಟು. ಅದರಲ್ಲೂ ಉಳೀತು. ನಿಮ್ಮ ತಾತ, "ಮಾವ, ಆ ಚಕ್ರದ್ದು ಒಂದು ಹಲ್ಲು ಮುರಿದು ಬಿಸಾಕಿ, ತೊಂಬತ್ತೊಂಬತ್ತಾಗುತ್ತೆ, ಪೀಡೆ ಹೋಗುತ್ತೆ" ಅಂದ್ರು. ಅವರದೇ ಹಲ್ಲು ಮುರೀತೀನಿ ಅಂದ ಹಾಗೆ ಮಾವ ಬಾಯಿಗೆ ಕೈ ಅಡ್ಡ ಹಿಡಿದು, "ಒಳ್ಳೇ ಚಕ್ರಾನ ಮುರಿಯೋದಾ!" ಅಂದ್ರು. ಈ ನಡುವೆ ಇರುವೆ ಬಂತು. ಮಾವ ಭೂತಗನ್ನಡಿ ಹಿಡ್ಕೊಂಡು ಅದರ ಹಿಂದೆ ಹಿಂದೆ ಗೋಡೆವರೆಗೆ ಹೋಗಿ, "ಇದು ಯಾರ ಪಾಲಿನದನ್ನ ಹೊತ್ಕೊಂಡು ಹೋಗ್ತಿದೆ ಅಂತ ಗೊತ್ತಾಗ್ಬೇಕಲ್ಲ, ಮತ್ತೆ ಮೊದಲಿಂದ ಅಳೀಬೇಕಾಗುತ್ತೆ" ಅಂದ್ರು. ಜಾಡಿ ಮೂರನ್ನೂ ಮತ್ತೆ ಡಬ್ಬಕ್ಕೆ ಸುರಿದ್ರು!

ನಮ್ಮ ಅಡುಗೆ? ಒಂದೇ ಒಲೇಲಿ. ಸಕ್ಕರೆ ಮುಗಿದಿಲ್ಲವಲ್ಲ. ಮೂರು ಹೊಸ ಒಲೆ ಮೂಲೇಲಿ ಧೂಳು ಕುಡೀತಾ ಕೂತಿದ್ವು. ಸಕ್ಕರೆಯನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತ ಮನೆಮಂದಿಯೆಲ್ಲ ಸಪ್ಪೆ ಚಹಾ ಕುಡೀತಿದ್ವಿ. ದೊಡ್ಡಕ್ಕ ಒಂದು ಗುಟುಕು ಕುಡಿದು ಮುಖ ಹಿಂಡೋಳು, ಚಿಕ್ಕವಳೂ ಹಿಂಡೋಳು. ಒಂದಿನ ಇಬ್ಬರೂ ಒಟ್ಟಿಗೇ ಹಿಂಡಿ, ಒಬ್ಬರ ಮುಖ ಒಬ್ಬರು ನೋಡಿ, ನಗು ಬಂದು, ನಗಬಾರದು ಅಂತ ನೆನಪಾಗಿ ಆ ಕಡೆ ಈ ಕಡೆ ತಿರುಗ್ಕೊಂಡ್ರು.

ದೊಡ್ಡಕ್ಕನಿಗೆ ಎಣಿಸೋದು ಅಂದ್ರೆ ಒಂದು ಹುಚ್ಚು. ಒಣಗಿದ ಬಟ್ಟೆ, ಬಂದ ಚಪ್ಪಲಿ, ಹಾರಿಹೋದ ಹಕ್ಕಿ, ಎಲ್ಲಾ ಎಣಿಸೋಳು. ಮಾವನ ಬಟ್ಟೆ ಒಗೆದು ಮಡಿಸಿ ಅವರ ಕೋಣೇಲಿ ಇಡ್ತಿದ್ದದ್ದೂ ಅವಳೇ. ಜಗಳದ ಕಾಲದಲ್ಲೂ ಅದನ್ನ ಬಿಟ್ಟಿರಲಿಲ್ಲ. ಒಂದಿನ ಹಾಗೆ ಬಟ್ಟೆ ಇಡೋಕೆ ಹೋದವಳು ಬರೋಕೆ ತಡ ಮಾಡಿದ್ಲು. ಬಂದವಳ ಕೈಲಿ ಒಂದು ಹಿತ್ತಾಳೆ ಚಕ್ರ. ಮಾವ ನಡುಮನೇಲಿ ಸೂಜಿಮೊನೆಯಷ್ಟು ಆಲಿಕೆಯನ್ನ ಅರದಿಂದ ಉಜ್ತಾ ಕೂತಿದ್ರು. ಅವರ ಮುಂದೆ ಚಕ್ರ ಇಟ್ಲು.

"ಮಾವ, ಇದಕ್ಕೆ ಎಷ್ಟು ಹಲ್ಲು?"

ಮಾವ ನೋಡಲಿಲ್ಲ. "ಯಾವುದೋ ಹಳೇದಮ್ಮ ಅದು."

"ನಾನು ಎಣಿಸಿದೆ. ತೊಂಬತ್ತು. ನಿಮ್ಮ ಕೋಣೆ ಗೋಡೆಯ ಮೊಳೆಗೆ ನೇತುಹಾಕಿದ್ರಿ. ಪಕ್ಕದಲ್ಲೇ ಅರವತ್ತರದ್ದೂ ಇದೆ, ಮೂವತ್ತಾರರದ್ದೂ ಇದೆ. ಯಾವುದು ಹಾಕಿದ್ರೂ ಮೂರು ಪಾಲು ಸರಿಯಾಗಿ ಬರುತ್ತಲ್ಲ?"

ಮನೆ ಮಂದಿಯೆಲ್ಲ ಸೇರಿದ್ವಿ. ಮಾವನ ಕಿವಿ ತುದಿ ಕೆಂಪಾಗಿತ್ತು. ನೂರರ ಚಕ್ರ ಬಿಚ್ಚಿದ್ರು, ತೊಂಬತ್ತರದ್ದನ್ನ ಕೂರಿಸಿದ್ರು, ಸಕ್ಕರೆ ಸುರಿದ್ರು. ಟಕ್ ಟಕ್ ಟಕ್. ಮೂವತ್ತು, ಮೂವತ್ತು, ಮೂವತ್ತು. ಆಲಿಕೆ ತಟ್ಟಿ ಬೋರಲು ಹಾಕಿ ತೋರಿಸಿದ್ರು. ಒಂದು ಹರಳೂ ಉಳೀಲಿಲ್ಲ.

"ಮುಗೀತು ನೋಡಪ್ಪ" ಅಂದ್ರು ಭಾವನಿಗೆ. ಬೆರಳು ಒರೆಸ್ಕೊಂಡು ಎದ್ದು ತಮ್ಮ ಕೋಣೆಗೆ ಹೋದ್ರು.

ಭಾವ ಬೆಂಕಿಪೊಟ್ಟಣ ತಗೊಂಡು, "ಸರಿ, ಒಲೆ ಹಚ್ಚಿ ಹಾಗಾದ್ರೆ" ಅಂದ್ರು. ಯಾರೂ ಕೈ ಚಾಚಲಿಲ್ಲ. ಮೆಟ್ಟಿಲ ಕೆಳಗಿಂದ ಟ್ರಂಕು ಎಳೆಯೋ ಸದ್ದು ಬಂತು, ಕರಕರ ಅಂತ.

ನಾನು ಹೋಗಿ ಬಗ್ಗಿ ನೋಡಿದೆ. ಮಡಿಸಿಟ್ಟ ಅಂಗಿಗಳನ್ನ ಟ್ರಂಕಿಗೆ ಹಾಕ್ತಿದ್ರು. "ಇದೇನು ಮಾವ?" ಅಂದೆ.

"ನೀನು ಸೌದೆ ಇಡೋದು ಯಾವಾಗಮ್ಮ? ಮಳೆ ಬರೋ ಹಾಗಿದೆ. ನನ್ನ ಅಂಗಡಿ ಹಿಂದೆ ಒಂದು ಜಾಗ ಇದೆ. ಒಬ್ಬನಿಗೆ ಧಾರಾಳ."

ನನ್ನ ಹಿಂದೆ ದೊಡ್ಡಕ್ಕ ಬಂದು ನಿಂತಿದ್ಲು. ಅವಳಿಗೆ ಆಗ ಅರ್ಥ ಆಯ್ತು, ನನಗೂ ಆಯ್ತು, ಅಷ್ಟು ವಾರ ಆ ಆಲಿಕೆಗಳು ಯಾಕೆ ಚಿಕ್ಕದಾಗ್ತಾ ಹೋದ್ವು ಅಂತ. ದೊಡ್ಡಕ್ಕನಿಗೆ ಅಳು ಬಂದ್ರೆ ಸಿಟ್ಟಿನ ರೂಪದಲ್ಲೇ ಬರೋದು. ತಿರುಗಿ ಚಿಕ್ಕವಳಿಗೆ, ನನ್ನ ಮೂಲಕ ಅಲ್ಲ, ನೇರವಾಗಿ ಹೇಳಿದ್ಲು: "ಏನೇ, ಇವರನ್ನ ಯಾರೂ ಹಂಚ್ಕೊಂಡಿಲ್ಲವಲ್ಲ! ನೀನೇ ಇಟ್ಕೋ, ನಿನಗೆ ನಗೋಕೆ ಆಗುತ್ತೆ."

"ಅಯ್ಯೋ, ನಂಗೆ ಬೇಡ" ಅಂದ್ಲು ಚಿಕ್ಕವಳು. "ಮಹಡಿ ಮೇಲೆ ರಾತ್ರಿ ಹಗಲು ಸುತ್ತಿಗೆ ಸದ್ದಾ? ನಿಮ್ಮದು ಮುಂದಿನ ಕೋಣೆ, ದೊಡ್ಡದು."

"ನನ್ನಣ್ಣ ಮತ್ತೆ ಬರೋದು ಬೇಡ್ವಾ? ಇವಳಿಗಿರಲಿ" ಅಂತ ನನ್ನ ಕಡೆ ಕೈ ತೋರಿಸಿದ್ಲು.

"ನಮ್ಮವರ ಪಂಚೆ ಗತಿ?" ಅಂದೆ ನಾನು.

ಮಾವ ಟ್ರಂಕಿನ ಮುಚ್ಚಳ ಹಿಡ್ಕೊಂಡು ಒಬ್ಬೊಬ್ಬರ ಮುಖಾನೂ ನೋಡ್ತಿದ್ರು, ಹರಾಜಿಗಿಟ್ಟ ಹಳೇ ಮೇಜಿನ ಹಾಗೆ. ಕೊನೆಗೆ ಮೆಲ್ಲಗೆ, "ಮೂರರಿಂದ ಭಾಗಿಸಿ ನನ್ನ. ಒಂದೊಂದು ಪಾಲು. ಸ್ವಲ್ಪ ಉಳಿಯುತ್ತೆ, ಅದನ್ನ ನಾನು ನೋಡ್ಕೋತೀನಿ" ಅಂದ್ರು.

"ಸರಿ" ಅಂದ್ಲು ದೊಡ್ಡಕ್ಕ. "ಮೂರರಲ್ಲೊಂದು ಊಟ ನನ್ನ ಒಲೆಯಿಂದ. ಮೂರರಲ್ಲೊಂದು ಅವಳದು, ಇನ್ನೊಂದು ಇವಳದು. ಮಲಗೋದು ಇಲ್ಲೇ. ಸೌದೆ ನಿನ್ನ ಮಂಚದ ಕೆಳಗೆ ಇಟ್ಕೊಳ್ಳೇ." ನನಗೆ ಹೇಳಿದ್ದು. ಇಟ್ಕೊಂಡೆ. ವರ್ಷಗಟ್ಟಲೆ ನಿಮ್ಮ ತಾತ ಸೌದೆ ಮೇಲೆ ಮಲಗಿದ್ರು.

ಒಲೆ ಮೂರೂ ಹಚ್ಚಿದ್ವಿ. ಹೌದು, ಹಚ್ಚಿದ್ವಿ, ಮತ್ತೆ ಒಂದಾದ್ವಿ ಅಂತ ಸುಳ್ಳು ಬರೆಸಲ್ಲ. ನಾನು ಮೂರರಲ್ಲೊಂದು ಪಾಲು ಬಡಿಸೋಕೆ ತಟ್ಟೆ ತಗೊಂಡೆ. ಮೂರರಲ್ಲೊಂದು ಅಂದ್ರೆ ಎಷ್ಟು? ಕಮ್ಮಿಯಾಗಿ, ದೊಡ್ಡಕ್ಕ ನೋಡಿ, ಇವಳ ಕೈ ಇಷ್ಟೇ ಅಂದ್ರೆ? ಇನ್ನೊಂದು ಸೌಟು ಹಾಕಿದೆ. ಪಲ್ಯದ ಪಕ್ಕ ಜಾಗ ಇತ್ತು, ಅದನ್ನೂ ತುಂಬಿಸಿದೆ. ತಗೊಂಡು ಮೆಟ್ಟಿಲ ಹತ್ತಿರ ಬಂದ್ರೆ, ಮೇಲಿಂದ ಚಿಕ್ಕವಳು ಇಳೀತಿದ್ದಾಳೆ, ಮುಂದಿನ ಕೋಣೆಯಿಂದ ದೊಡ್ಡಕ್ಕ ಬರ್ತಿದ್ದಾಳೆ. ಮೂವರ ಕೈಲೂ ಗೋಪುರದ ಹಾಗೆ ತಟ್ಟೆ. ದೊಡ್ಡಕ್ಕ ಚಿಕ್ಕವಳ ತಟ್ಟೆ ನೋಡಿ ವಾಪಸ್ ಒಳಗೆ ಹೋಗಿ ಇನ್ನೊಂದು ಸೌಟು ಹಾಕ್ಕೊಂಡು ಬಂದ್ಲು.

ಮೂರನ್ನೂ ಮಾವನ ಮುಂದೆ ಇಟ್ವಿ. ಟ್ರಂಕು ಇನ್ನೂ ತೆರೆದೇ ಇತ್ತು. ಮಾವ ಎಡಗಡೆ ನೋಡಿದ್ರು, ಬಲಗಡೆ ನೋಡಿದ್ರು.

"ಇದು ಹೇಗಮ್ಮ? ಮೂರು ಪಾಲು ಸೇರಿದ್ರೆ ಲೆಕ್ಕದ ಪ್ರಕಾರ ಒಂದಕ್ಕೆ ಚೂರು ಕಮ್ಮಿ ಬರಬೇಕು. ಇದು ಮೂರೂವರೆ ಆಳಿನ ಊಟ!"

"ನಿಮ್ಮ ಲೆಕ್ಕ ನಿಮ್ಮ ಚಕ್ರಕ್ಕೆ ಹೇಳಿ" ಅಂದ್ಲು ದೊಡ್ಡಕ್ಕ. "ಮೊದಲು ಯಾರದ್ದು ತಿಂತೀರಿ?"

ಮಾವ ಬೆರಳು ಎತ್ತಿದವರು ಹಾಗೇ ನಿಂತ್ರು. ಚಿಕ್ಕವಳು ಸೊಂಟದ ಮೇಲೆ ಕೈ ಇಟ್ಕೊಂಡಿದ್ಲು. ನಾನೂ ಇಟ್ಕೊಂಡಿದ್ದೆ, ಸುಳ್ಯಾಕೆ. ಕೊನೆಗೆ ಅವರು ಮೂರು ತಟ್ಟೆಯಿಂದ ಒಂದೊಂದು ತುತ್ತು ತಗೊಂಡು, ಒಟ್ಟಿಗೆ ಕಲಸಿ, ಬಾಯಿಗೆ ಹಾಕ್ಕೊಂಡ್ರು.

"ಹೇಗಿದೆ?" ಅಂದ್ವಿ ಮೂವರೂ.

"ಉಪ್ಪು ಸ್ವಲ್ಪ ಜಾಸ್ತಿ" ಅಂದ್ರು ಮಾವ.

"ಯಾರದ್ದು?"

"ಈಗ ಹೇಗೆ ಹೇಳಲಿ? ಕಲಸಿಬಿಟ್ಟೆನಲ್ಲ" ಅಂದ್ರು, ಕಾಲಲ್ಲಿ ಟ್ರಂಕಿನ ಮುಚ್ಚಳ ಹಾಕಿ, ಅದನ್ನ ಮೆಲ್ಲಗೆ ತಮ್ಮ ಮಂಚದ ಕೆಳಕ್ಕೆ ತಳ್ಳಿದ್ರು.